ಪ್ರಾಣರಕ್ಷಣೆಯ ಶಿಕ್ಷಣ: ದೀಕ್ಷೆಯೂ ನಿತ್ಯಾಭ್ಯಾಸವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಆರೋಗ್ಯಗೋಷ್ಠಿಯಲ್ಲಿ ಓದಿದ ಉಪನ್ಯಾಸ)



ಮಠಗಳೂ ಶರಣಸಮಾಜದ ಸಂಸ್ಥೆಗಳೂ ಅನ್ನದಾಸೋಹ, ಅಕ್ಷರದಾಸೋಹಗಳೊಡನೆ ಆರೋಗ್ಯದ ಕಾರ್ಯವನ್ನೂ ಕೈಗೆತ್ತಿಕೊಂಡು ಬಹುಕಾಲವಾಯಿತು. 1916ರಲ್ಲಿ ಏಳು ಮಂದಿ ತರುಣ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆಯು 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯಿತು. ಸುತ್ತೂರು ಶ್ರೀಮಠದ ಆಶ್ರಯದಲ್ಲಿ ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜು 1984ರಲ್ಲಿ ಆರಂಭವಾಯಿತು. ಇವುಗಳ ಹಿಂದೆ ಮುಂದೆ ಎಷ್ಟೋ ಆಸ್ಪತ್ರೆಗಳು, ಹೆರಿಗೆಮನೆಗಳು, ದಾದಿಯರ ಶಿಕ್ಷಣಶಾಲೆಗಳು ಹುಟ್ಟಿಕೊಂಡಿರುವುವು. ಇಂತಹ ಸಂಸ್ಥೆಗಳ ಭಾರವನ್ನು ಹೊತ್ತವರು ಕಟ್ಟಡ, ಯಂತ್ರ, ಔಷಧಗಳ ಲೆಕ್ಕವನ್ನು ವರ್ಷವರ್ಷವೂ ತಪ್ಪದೆ ನೋಡುತ್ತಾರೆ. ಆದರೆ ಒಂದು ಸಂಗತಿಯು ಮಾತ್ರ ಯಾವ ಜಮಾಖರ್ಚಿನ ಪುಸ್ತಕದಲ್ಲಿಯೂ ಕಾಣದು. ವಾರ್ಡಿನಲ್ಲಿ ಮಲಗಿದ ರೋಗಿಯ ಹೃದಯವು ಈ ಗಳಿಗೆಯಲ್ಲಿ ನಿಂತುಹೋದರೆ, ಮಂಚದ ಬಳಿಯಲ್ಲಿರುವ ದಾದಿಯ ಕೈಗೆ ಮುಂದಿನ ಕೆಲಸವು ತಿಳಿದಿದೆಯೆ? ಅವಳ ಹೆಸರಿನಲ್ಲಿ ಪ್ರಮಾಣಪತ್ರವಿರಬಹುದು. ಅದು ಕಚೇರಿಯ ಕಡತದಲ್ಲಿ ಭದ್ರವಾಗಿಯೂ ಇರಬಹುದು. ಕೈಗೆ ತಿಳಿದಿದೆಯೆ ಎಂಬುದೇ ಈ ಉಪನ್ಯಾಸದ ವಿಷಯ.

ಹೃದಯವು ಸ್ತಬ್ಧವಾದೊಡನೆ ರಕ್ತದ ಸಂಚಾರವು ನಿಲ್ಲುತ್ತದೆ. ಕೆಲವು ಕ್ಷಣಗಳಲ್ಲಿ ಎಚ್ಚರ ತಪ್ಪುತ್ತದೆ. ನಾಲ್ಕೈದು ನಿಮಿಷಗಳೊಳಗಾಗಿ ಮೆದುಳಿಗೆ ಹಾನಿಯಾಗತೊಡಗುತ್ತದೆ. ಆ ನಡುವಣ ಅಲ್ಪಕಾಲದಲ್ಲಿ ಮನುಷ್ಯನ ಎರಡು ಕೈಗಳು ಹೃದಯದ ಕೆಲಸವನ್ನು ಅರೆಬರೆಯಾಗಿಯಾದರೂ ನಡೆಸಬಲ್ಲುವು. ಇದನ್ನೇ ವೈದ್ಯರು ಸಿ.ಪಿ.ಆರ್. ಎಂದು ಕರೆಯುವರು, ಕನ್ನಡದಲ್ಲಿ ಹೃದಯಶ್ವಾಸ ಪುನಶ್ಚೇತನವೆನ್ನಬಹುದು. ರೋಗಿಯನ್ನು ಗಟ್ಟಿಯಾದ ನೆಲೆಯ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವಣ ಎಲುಬಿನ ಕೆಳಗಿನ ಅರ್ಧದ ಮೇಲೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಮತ್ತೊಂದನ್ನು ಸೇರಿಸಿ, ಮೊಣಕೈಗಳನ್ನು ಮಡಚದೆ ಮೈಭಾರವನ್ನೆಲ್ಲ ಹಾಕಿ ಒತ್ತಬೇಕು. ವಯಸ್ಕರಲ್ಲಿ ಎದೆಯು ಕನಿಷ್ಠ 5 ಸೆಂಟಿಮೀಟರಿನಷ್ಟು ಇಳಿಯಬೇಕು, 6ನ್ನು ಮೀರಬಾರದು. ನಿಮಿಷಕ್ಕೆ 100ರಿಂದ 120ರ ವೇಗವಿರಬೇಕು. ಪ್ರತಿಸಲ ಒತ್ತಿದ ಮೇಲೆ ಎದೆಯನ್ನು ಪೂರ್ತಿಯಾಗಿ ಮೇಲೇಳಗೊಡಬೇಕು. ಒತ್ತಿದಾಗ ರಕ್ತವು ಹೊರಹೋಗುವಂತೆಯೇ, ಬಿಟ್ಟಾಗ ಅದು ಹೃದಯದೊಳಕ್ಕೆ ಮರಳಿ ತುಂಬಬೇಕಷ್ಟೆ. 30 ಸಲ ಒತ್ತಿದ ಬಳಿಕ ಎರಡು ಸಲ ಉಸಿರು ಕೊಡಬೇಕು. ಯಾವ ಕಾರಣಕ್ಕೇ ಆಗಲಿ ಕೈ ನಿಲ್ಲಿಸಿದರೆ ಅದು 10 ಸೆಕೆಂಡುಗಳನ್ನು ದಾಟಕೂಡದು.

ಕೇಳುವಾಗ ಇದು ಅತಿ ಸುಲಭವಾಗಿ ತೋರುತ್ತದೆ. ಮಾಡುವಾಗ ಹಾಗಲ್ಲ. ಗಟ್ಟಿಮುಟ್ಟಾದ ಆಳಿಗೂ ಎರಡು ನಿಮಿಷಗಳಲ್ಲಿ ದಣಿವು ಬರುತ್ತದೆ. ವಿಚಿತ್ರವೇನೆಂದರೆ, ಒತ್ತುವವನಿಗೆ ತಾನು ದಣಿದೆನೆಂದು ತಿಳಿಯುವುದಕ್ಕೆ ಮುಂಚೆಯೇ ಅವನ ಒತ್ತು ಮೇಲುಮೇಲಕ್ಕೆ ಬಂದಿರುತ್ತದೆ. ಆದುದರಿಂದಲೇ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕೆಂಬ ನಿಯಮವಿರುವುದು. ಕೈ ನಿಂತಾಗ ಹೃದಯದ ಸ್ವಂತ ರಕ್ತನಾಳಗಳಲ್ಲಿಯ ಒತ್ತಡವು ಥಟ್ಟನೆ ಬಿದ್ದುಹೋಗುತ್ತದೆ. ಅದನ್ನು ಮತ್ತೆ ಏರಿಸಬೇಕಾದರೆ ಹಲವು ಒತ್ತುಗಳು ಬೇಕಾಗುವುವು. ಬಾವಿಯ ರಾಟೆಯನ್ನು ಅರ್ಧಕ್ಕೆ ಬಿಟ್ಟರೆ ಕೊಡವು ಮತ್ತೆ ತಳಕ್ಕಿಳಿಯುವ ಹಾಗೆ. ಇನ್ನೊಂದು ತೊಡಕು ಆರಂಭದಲ್ಲಿಯೇ ಉಂಟು. ಹೃದಯ ನಿಂತ ಬಳಿಕವೂ ಕೆಲವರು ಕೆಲವು ನಿಮಿಷ ಬಾಯಿ ತೆರೆದು ತುಂಡುತುಂಡಾಗಿ ಉಸಿರೆಳೆಯುತ್ತಾರೆ. ಅದನ್ನು ಕಂಡು, ಉಸಿರಿದೆಯಲ್ಲಾ ಎಂದು ನಿಂತು ನೋಡುವವರು ಆಸ್ಪತ್ರೆಗಳೊಳಗೂ ಇದ್ದಾರೆ. ನಾಡಿಯನ್ನು ನೋಡುವುದಕ್ಕೆ 10 ಸೆಕೆಂಡುಗಳಿಗಿಂತ ಹೆಚ್ಚು ಕಾಲ ಕೊಡಬಾರದೆಂದು ವಿಧಿಸಿರುವುದೂ ಇಂತಹ ಸಂದೇಹದಲ್ಲಿ ಕಾಲ ಕಳೆಯಬಾರದೆಂದೇ. ಹೃದಯವು ಮಿಡಿಯದೆ ಬರಿದೆ ಕಂಪಿಸುತ್ತಿರುವ ಸ್ಥಿತಿಯಲ್ಲಿ ವಿದ್ಯುತ್ತಿನ ಆಘಾತವೊಂದೇ ಅದನ್ನು ಸರಿದಾರಿಗೆ ತರಬಲ್ಲುದು. ಒತ್ತುವ ಕೈಯೂ ಆ ಯಂತ್ರವೂ ಇಲ್ಲದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವವು ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತ ಹೋಗುವುದೆಂದು ಲೆಕ್ಕ ಹಾಕಿರುವರು.

ಈ ವಿದ್ಯೆಯು ಒಬ್ಬರ ಬುದ್ಧಿಯಿಂದ ಒಂದು ದಿನದಲ್ಲಿ ಹುಟ್ಟಿದುದಲ್ಲ. ನೀರಿನಲ್ಲಿ ಮುಳುಗಿದವರಿಗೆ ಬಾಯಿಯಿಂದ ಬಾಯಿಗೆ ಉಸಿರೂದಬೇಕೆಂದು ಪ್ಯಾರಿಸಿನ ವಿಜ್ಞಾನ ಅಕಾಡೆಮಿಯು 1740ರಷ್ಟು ಹಿಂದೆಯೇ ಹೇಳಿತ್ತು. 1767ರಲ್ಲಿ ಆಂಸ್ಟರ್‌ಡ್ಯಾಮಿನಲ್ಲಿಯೂ 1774ರಲ್ಲಿ ಲಂಡನ್ನಿನಲ್ಲಿಯೂ ಮುಳುಗಿದವರನ್ನು ಬದುಕಿಸುವ ಸಲುವಾಗಿಯೇ ಸಂಘಗಳು ಹುಟ್ಟಿದುವು. ಬಳಿಕ ಆ ಪದ್ಧತಿಯು ಹಿಂದೆ ಬಿದ್ದು, ತೋಳುಗಳನ್ನು ಎತ್ತಿ ಇಳಿಸುವುದು, ಬೋರಲು ಮಲಗಿಸಿ ಬೆನ್ನನ್ನು ಒತ್ತುವುದು ಮೊದಲಾದ ರೀತಿಗಳು ಬಂದುವು. ಶೇಫರನು 1903ರಲ್ಲಿ ಪ್ರಕಟಿಸಿದ ಬೆನ್ನೊತ್ತುವ ಕ್ರಮವು ದಶಕಗಳವರೆಗೆ ಪಾಠವಾಗಿ ನಡೆಯಿತು. 1950ರ ದಶಕದಲ್ಲಿ ಜೇಮ್ಸ್ ಈಲಮ್ ಮತ್ತು ಪೀಟರ್ ಸಾಫರ್ ಎಂಬ ವೈದ್ಯರು, ಮನುಷ್ಯನು ಹೊರಬಿಡುವ ಉಸಿರಿನಲ್ಲಿಯೂ ಮತ್ತೊಬ್ಬನನ್ನು ಬದುಕಿಸುವಷ್ಟು ಪ್ರಾಣವಾಯು ಇದೆಯೆಂಬುದನ್ನು ಪ್ರಯೋಗಗಳಿಂದ ಸಿದ್ಧಪಡಿಸಿದರು. ಅದೇ ಕಾಲಕ್ಕೆ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ವಿಲಿಯಂ ಕೌವೆನ್‌ಹೋವನ್ ಎಂಬ ವಯೋವೃದ್ಧ ವಿದ್ಯುತ್ ಎಂಜಿನಿಯರರು ನಾಯಿಗಳ ಹೃದಯಕ್ಕೆ ಆಘಾತ ಕೊಡುವ ಯಂತ್ರವನ್ನು ಪರೀಕ್ಷಿಸುತ್ತಿದ್ದರು. ಆಘಾತಕ್ಕೆ ಮೊದಲು ಯಂತ್ರದ ಭಾರವಾದ ತಟ್ಟೆಗಳನ್ನು ಎದೆಯ ಮೇಲೆ ಅದುಮಿದಾಗಲೇ ರಕ್ತದ ಒತ್ತಡವು ಏರುವುದನ್ನು ಗೈ ನಿಕರ್ಬಾಕರ್ ಎಂಬ ಅವರ ತರುಣ ಸಹಾಯಕನು ಗಮನಿಸಿದನು. ಯಂತ್ರವನ್ನು ಪರೀಕ್ಷಿಸಹೊರಟವರಿಗೆ ಕೈಯ ಶಕ್ತಿ ಗೊತ್ತಾದುದು ಹೀಗೆ. ಶಸ್ತ್ರವೈದ್ಯ ಜೇಮ್ಸ್ ಜೂಡರನ್ನು ಕೂಡಿಕೊಂಡು ಅವರು 1960ರಲ್ಲಿ ಪ್ರಕಟಿಸಿದ ಲೇಖನದಲ್ಲಿ 20 ಮಂದಿ ರೋಗಿಗಳ ವೃತ್ತಾಂತವಿದೆ. ಅವರಲ್ಲಿ 14 ಮಂದಿ ಬದುಕಿದರು. ಇವರು ಆಸ್ಪತ್ರೆಯೊಳಗೆ ವೈದ್ಯರ ಕಣ್ಣೆದುರಿಗೇ ಹೃದಯ ನಿಂತವರಾದುದರಿಂದ ಆ ಪ್ರಮಾಣವನ್ನು ಎಲ್ಲೆಡೆಗೂ ಹಿಡಿಯಲಾಗದು. ಇಂದಿಗೂ, ಎಲ್ಲವನ್ನೂ ಸರಿಯಾಗಿ ಮಾಡಿದರೂ, ಬದುಕುವವರಿಗಿಂತ ಬದುಕದವರೇ ಹೆಚ್ಚು. ಶಿಕ್ಷಣ ಕೊಡುವವರು ಇದನ್ನು ಮುಚ್ಚಿಡುವುದು ತರವಲ್ಲ.

ವಿದ್ಯೆ ಸಿಕ್ಕಿತು, ಕಲಿಯುವುದು ಯಾರ ಮೈಮೇಲೆ? ಬದುಕಿರುವವನ ಎದೆಯನ್ನು ಹಾಗೆ ಒತ್ತುವಂತಿಲ್ಲ. ನಾರ್ವೆಯ ಸ್ಟಾವಾಂಗರ್ ಪಟ್ಟಣದಲ್ಲಿ ಆಸ್ಮುಂಡ್ ಲೇರ್ಡಾಲ್ ಎಂಬ ಆಟಿಕೆಗಳ ತಯಾರಕನಿದ್ದನು. ಮರದ ಆಟಿಕೆ, ಮೆತ್ತನೆಯ ಪ್ಲಾಸ್ಟಿಕ್ಕಿನ ಗೊಂಬೆಗಳನ್ನು ಮಾಡುತ್ತಿದ್ದ ಅವನು ವೈದ್ಯರ ಪ್ರೇರಣೆಯಿಂದ 1960ರಲ್ಲಿ ಆಳಿನ ಪ್ರಮಾಣದ ಅಭ್ಯಾಸದ ಗೊಂಬೆಯನ್ನು ಸಿದ್ಧಪಡಿಸಿದನು. ಅದರ ಮುಖವು, ಪ್ಯಾರಿಸಿನ ಸೇನ್ ನದಿಯಲ್ಲಿ ಮುಳುಗಿ ಸತ್ತಳೆಂದು ಹೇಳಲಾಗುವ, ಹೆಸರು ಗೊತ್ತಿಲ್ಲದ ಒಬ್ಬ ತರುಣಿಯ ಅಚ್ಚುಮುಖದ ಪ್ರತಿರೂಪ. ಅಂದಿನಿಂದ ಲಕ್ಷಾಂತರ ದಾದಿಯರೂ ವೈದ್ಯರೂ ಆ ಮುಖಕ್ಕೆ ಬಾಗಿ ಉಸಿರೂದಿ ಕಲಿತಿದ್ದಾರೆ. ಮಕ್ಕಳ ಗೊಂಬೆ ಮಾಡುವ ಕಾಯಕದವನ ಕೈಯಿಂದ ವೈದ್ಯಶಿಕ್ಷಣಕ್ಕೆ ಇಂತಹ ಉಪಕಾರವಾದುದು ಕಾಯಕದ ಮಹತ್ತನ್ನು ನಂಬಿದ ಸಮಾಜಕ್ಕೆ ಆಶ್ಚರ್ಯವೆನಿಸಲಾರದು.

ಇನ್ನು ಪ್ರಮಾಣಪತ್ರದ ಮಾತು. ಮೊದಲ ವರ್ಷಗಳಲ್ಲಿ ಒಬ್ಬೊಬ್ಬ ವೈದ್ಯನು ಒಂದೊಂದು ಬಗೆಯಾಗಿ ಕಲಿಸುತ್ತಿದ್ದನು; ದಾದಿಯರೂ ಉಳಿದ ಸೇವಕರೂ ಇದನ್ನು ಮಾಡಬಹುದೆ ಎಂಬುದರಲ್ಲಿಯೇ ಸಂಶಯವಿತ್ತು. 1966ರಲ್ಲಿ ಅಮೇರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ವಿದ್ವಾಂಸರನ್ನು ಕೂಡಿಸಿ, ಇದನ್ನು ಒಂದೇ ಕ್ರಮದಲ್ಲಿ ಎಲ್ಲ ಆರೋಗ್ಯಸೇವಕರಿಗೂ ಕಲಿಸಬೇಕೆಂದು ಸೂಚಿಸಿತು. 1974ರಲ್ಲಿ ಅಮೇರಿಕನ್ ಹಾರ್ಟ್ ಅಸೋಸಿಯೇಷನ್ ಸಂಘದ ಮೊದಲ ನಿಯಮಾವಳಿಯು ಅಚ್ಚಾಯಿತು. ಬೇಸಿಕ್ ಲೈಫ್ ಸಪೋರ್ಟ್, ಅದರ ಮೇಲಣ ಅಡ್ವಾನ್ಸ್ಡ್ ಕಾರ್ಡಿಯಾಕ್ ಲೈಫ್ ಸಪೋರ್ಟ್, ಮಕ್ಕಳಿಗೂ ನವಜಾತ ಶಿಶುಗಳಿಗೂ ಬೇರೆ ಬೇರೆ ಪಾಠಕ್ರಮಗಳು ಒಂದೊಂದಾಗಿ ಬಂದುವು. ಅಪಘಾತದ ಗಾಯಾಳುಗಳ ಪಾಠಕ್ರಮವು ಹುಟ್ಟಿದ ಬಗೆಯು ದುಃಖಕರವಾದುದು. ಜೇಮ್ಸ್ ಸ್ಟೈನರ್ ಎಂಬ ಎಲುಬಿನ ಶಸ್ತ್ರವೈದ್ಯರು 1976ರ ಫೆಬ್ರವರಿಯಲ್ಲಿ ತಾವೇ ನಡೆಸುತ್ತಿದ್ದ ಪುಟ್ಟ ವಿಮಾನದಲ್ಲಿ ಹೆಂಡತಿ ಮಕ್ಕಳೊಡನೆ ಹೋಗುತ್ತಿರುವಾಗ ಅದು ನೆಬ್ರಾಸ್ಕದ ಹೊಲವೊಂದರಲ್ಲಿ ಬಿದ್ದಿತು. ಪತ್ನಿ ತೀರಿಹೋದರು, ಮಕ್ಕಳಿಗೆ ಕಠಿಣ ಗಾಯಗಳಾದುವು. ದಾರಿಯಲ್ಲಿ ಹೋಗುವವರ ಕಾರನ್ನು ನಿಲ್ಲಿಸಿ ಮಕ್ಕಳನ್ನು ಹತ್ತಿರದ ಸಣ್ಣ ಆಸ್ಪತ್ರೆಗೆ ಮುಟ್ಟಿಸಿದ ಅವರಿಗೆ, ತಾನು ಹೊಲದಲ್ಲಿ ಬರಿಗೈಯಲ್ಲಿ ಮಾಡಿದ ಉಪಚಾರವೇ ಅಲ್ಲಿ ನಡೆದುದಕ್ಕಿಂತ ಮೇಲೆಂದು ತೋರಿತು. ಅಲ್ಲಿದ್ದವರು ದುಷ್ಟರೂ ಅಲ್ಲ, ಸೋಮಾರಿಗಳೂ ಅಲ್ಲ. ಮೊದಲು ಯಾವುದು, ಬಳಿಕ ಯಾವುದು ಎಂಬ ಕ್ರಮವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಸ್ಟೈನರರು ಮಿತ್ರರೊಡನೆ ಕಟ್ಟಿದ ಪಾಠಕ್ರಮವು 1978ರಲ್ಲಿ ನೆಬ್ರಾಸ್ಕದಲ್ಲಿಯೇ ಮೊದಲು ನಡೆದು, 1980ರಲ್ಲಿ ಅಮೇರಿಕದ ಶಸ್ತ್ರವೈದ್ಯರ ಮಹಾಸಂಘದಿಂದ ಅಂಗೀಕೃತವಾಯಿತು. ಪ್ರಮಾಣಪತ್ರವೆಂದರೆ ಬರಿಯ ಕಾಗದವೆಂದು ಹಳಿಯುವವರು ಈ ವೃತ್ತಾಂತವನ್ನು ಅರಿಯಬೇಕು. ಯಾವ ಊರಿನ ಯಾವ ಆಸ್ಪತ್ರೆಗೆ ಹೋದರೂ ಮೊದಲ ಐದು ನಿಮಿಷಗಳ ಕೆಲಸವು ಒಂದೇ ತೆರನಾಗಿರಬೇಕೆಂಬ ನ್ಯಾಯವಾದ ಬಯಕೆಯೇ ಅದರ ಮೂಲ.

ಭಾರತದಲ್ಲಿಯೂ ಈ ಕಾರ್ಯವು ನೆಲೆಗೊಂಡಿದೆ. ಅರಿವಳಿಕೆ ವೈದ್ಯರ ಅಖಿಲ ಭಾರತ ಸಂಘದ ಆಶ್ರಯದಲ್ಲಿ ಇಂಡಿಯನ್ ರಿಸಸಿಟೇಷನ್ ಕೌನ್ಸಿಲ್ ಹುಟ್ಟಿ, 2017ರಲ್ಲಿ ಈ ದೇಶದ ಸ್ಥಿತಿಗತಿಗೆ ಒಪ್ಪುವ ಮೂರು ಕ್ರಮಗಳನ್ನು ಪ್ರಕಟಿಸಿತು: ಜನಸಾಮಾನ್ಯರಿಗೆ ಎದೆಯನ್ನು ಒತ್ತುವುದಷ್ಟೇ ಇರುವ ಸರಳವಾದುದೊಂದು, ಆಸ್ಪತ್ರೆಯ ಹೊರಗೆ ಕೆಲಸ ಮಾಡುವ ಆರೋಗ್ಯಸೇವಕರಿಗೊಂದು, ಆಸ್ಪತ್ರೆಯೊಳಗಿನವರಿಗೊಂದು. 2019ರಿಂದ ಜಾರಿಗೆ ಬಂದ ವೈದ್ಯಕೀಯ ಪಠ್ಯಕ್ರಮದಲ್ಲಿ ವಿದ್ಯಾರ್ಥಿಯು ಗೊಂಬೆಯ ಮೇಲೆ ಇದನ್ನು ಮಾಡಿ ತೋರಿಸಬೇಕೆಂದು ವಿಧಿಸಲಾಗಿದೆ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್.ಎ.ಬಿ.ಎಚ್. ಮಂಡಲಿಯೂ ಸಿಬ್ಬಂದಿಯ ಈ ಶಿಕ್ಷಣವನ್ನು ಕೇಳುತ್ತದೆ. ಇಷ್ಟೆಲ್ಲ ಆದ ಮೇಲೆ ಕೊರತೆಯೇನು?

ಕೊರತೆಯು ಮರೆವಿನದು. ಅಮೇರಿಕದ ಪದ್ಧತಿಯ ಪ್ರಮಾಣಪತ್ರಕ್ಕೆ ಎರಡು ವರ್ಷಗಳ ಅವಧಿ. ಕೈಯ ಕೌಶಲವಾದರೋ ಮೂರರಿಂದ ಆರು ತಿಂಗಳೊಳಗೆ ಸವೆಯುತ್ತದೆಂದು ಪರೀಕ್ಷಿಸಿದವರು ಮತ್ತೆ ಮತ್ತೆ ಕಂಡಿದ್ದಾರೆ. ಅಂದರೆ ಕಾಗದವು ಜೀವಂತವಾಗಿರುವ ಬಹುಭಾಗದಲ್ಲಿ ಕೈಯು ಮರೆತಿರುತ್ತದೆ. ಒತ್ತಿನ ಆಳ ಕಡಮೆಯಾಗುತ್ತದೆ, ವೇಗವು ತಪ್ಪುತ್ತದೆ, ಅಂಬು ಚೀಲದಿಂದ ಗಾಳಿ ಕೊಡುವಾಗ ಮುಖವಾಡದ ಅಂಚಿನಿಂದ ಸೋರುತ್ತದೆ. ಪುಸ್ತಕದ ಪ್ರಶ್ನೆಗೆ ಉತ್ತರ ಮಾತ್ರ ಸರಿಯಾಗಿಯೇ ಬರುತ್ತದೆ! ಹೀಗಾಗಿ 2020ರ ನಿಯಮಾವಳಿಯು ನಡುನಡುವೆ ಚಿಕ್ಕ ಚಿಕ್ಕ ಪುನರಭ್ಯಾಸಗಳಿರಬೇಕೆಂದು ಸಲಹೆ ಮಾಡಿತು.

ಇದಕ್ಕೆ ಬಲವಾದ ದೃಷ್ಟಾಂತವು ಆಫ್ರಿಕದಿಂದ ದೊರೆತಿದೆ. ಅದು ನವಜಾತ ಶಿಶುಗಳ ವಿಷಯ. ಹುಟ್ಟಿದ ಮಗುವು ಅಳದೆ ಉಸಿರಾಡದೆ ಇದ್ದರೆ ಒರಸಿ ಬೆಚ್ಚಗಿಟ್ಟು, ಬೆನ್ನನ್ನು ಸವರಿ ಎಚ್ಚರಿಸಬೇಕು. ಆಗಲೂ ಉಸಿರು ಬಾರದಿದ್ದರೆ ಒಂದು ನಿಮಿಷ ಮುಗಿಯುವುದರೊಳಗೆ ಚೀಲ ಮುಖವಾಡಗಳಿಂದ ಗಾಳಿ ಕೊಡಲಾರಂಭಿಸಬೇಕು. ಇದಕ್ಕೆ ಬಂಗಾರದ ನಿಮಿಷವೆಂದೇ ಹೆಸರು. ಬೆಳೆದವರಲ್ಲಿ ಹೃದಯ ನಿಂತಾಗ ಎದೆಯೊತ್ತುವುದು ಮೊದಲಾದರೆ, ಶಿಶುವಿನಲ್ಲಿ ಮೊದಲು ಬೇಕಾದುದು ಉಸಿರು. ಬಹುಮಟ್ಟಿಗೆ ಅಷ್ಟೇ ಸಾಕಾಗುತ್ತದೆ. ಹೆಲ್ಪಿಂಗ್ ಬೇಬೀಸ್ ಬ್ರೀದ್ ಎಂಬ ಪಾಠಕ್ರಮವು 2010ರಲ್ಲಿ ಹೊರಬಂದಿತು. ಟಾಂಜಾನಿಯದ ಹೇಡೋಮ್ ಎಂಬ ಹಳ್ಳಿಗಾಡಿನ ಆಸ್ಪತ್ರೆಯಲ್ಲಿ, ಅದೂ ಒಂದು ಧರ್ಮಸಂಸ್ಥೆಯ ಆಸ್ಪತ್ರೆಯೇ, ಹೆರಿಗೆಮನೆಯವರಿಗೆ ಒಂದು ದಿನದ ತರಬೇತಿಯನ್ನು ಕೊಡಲಾಯಿತು. ತಿಂಗಳುಗಳ ಬಳಿಕ ಗೊಂಬೆಯ ಮೇಲೆ ಪರೀಕ್ಷಿಸಿದಾಗ ಅವರು ಮೊದಲಿಗಿಂತ ಚೆನ್ನಾಗಿ ಮಾಡಿ ತೋರಿಸಿದರು. ಆದರೆ ನಿಜವಾದ ಮಕ್ಕಳು ಹುಟ್ಟುವಾಗ ಅವರು ಮಾಡುತ್ತಿದ್ದ ಕೆಲಸವು ಹಿಂದಿನಂತೆಯೇ ಇತ್ತು! 2013ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ತರಬೇತಿಯ ವ್ಯವಸ್ಥಾಪಕರು ಮರೆಯಬಾರದು. ಪರೀಕ್ಷೆಯಲ್ಲಿ ಗೆದ್ದ ಕೈಯು ಮಂಚದ ಬಳಿಯಲ್ಲಿ ಗೆಲ್ಲಲಿಲ್ಲ.

ಅಲ್ಲಿಯವರು ಅಷ್ಟಕ್ಕೆ ಬಿಡಲಿಲ್ಲ. ಗೊಂಬೆಯನ್ನು ಹೆರಿಗೆಯ ಕೋಣೆಯ ಪಕ್ಕದಲ್ಲಿಯೇ ಇಟ್ಟು, ವಾರವಾರವೂ ಮೂರರಿಂದ ಐದು ನಿಮಿಷದ ಅಭ್ಯಾಸವನ್ನು ಕೆಲಸದ ನಡುವೆಯೇ ನಡೆಸತೊಡಗಿದರು. ಒಂದು ವರ್ಷದ ಬಳಿಕ ಲೆಕ್ಕ ನೋಡಿದಾಗ, ಹುಟ್ಟಿದ 24 ಗಂಟೆಗಳೊಳಗೆ ಸಾಯುವ ಶಿಶುಗಳ ಪ್ರಮಾಣವು ಸಾವಿರಕ್ಕೆ 11.1ರಿಂದ 7.2ಕ್ಕೆ ಇಳಿದಿತ್ತು. ಬೆನ್ನು ಸವರಿ ಎಚ್ಚರಿಸುವ ಕೆಲಸವು ಹೆಚ್ಚಿತ್ತು; ಚೀಲದಿಂದ ಗಾಳಿ ಕೊಡಬೇಕಾದ ಮಕ್ಕಳ ಸಂಖ್ಯೆಯು ಕಡಮೆಯಾಗಿತ್ತು. ಹೊಸ ಯಂತ್ರವೊಂದೂ ಬಂದಿರಲಿಲ್ಲ, ದೊಡ್ಡ ವೈದ್ಯರೂ ಬಂದಿರಲಿಲ್ಲ. ಇದು ಹಿಂದಿನ ವರ್ಷದೊಡನೆ ಹೋಲಿಸಿದ ಲೆಕ್ಕವೆಂಬುದನ್ನು ನೆನಪಿಡಬೇಕಾದರೂ, 2015ರಲ್ಲಿ ಬೆಳಕಿಗೆ ಬಂದ ಈ ಸಂಖ್ಯೆಗಳ ಮಾತು ಸ್ಪಷ್ಟವಾಗಿದೆ.

ಕನ್ನಡನಾಡಿನ ಅನುಭವವೂ ಇದಕ್ಕೆ ಹೊಂದುವಂತಿದೆ. ಬೆಳಗಾವಿಯ ಕಾಲೇಜಿನವರು ಜಿಲ್ಲೆಯ ಪ್ರಾಥಮಿಕ ಆರೋಗ್ಯಕೇಂದ್ರಗಳು, ಗ್ರಾಮ ಹಾಗೂ ಪಟ್ಟಣದ ಆಸ್ಪತ್ರೆಗಳು ಇವುಗಳಲ್ಲಿ ಹೆರಿಗೆ ಮಾಡಿಸುವ 599 ಮಂದಿಗೆ ಇದೇ ಪಾಠವನ್ನು ಕಲಿಸಿದರು. 2013ರಲ್ಲಿ ಅಚ್ಚಾದ ಅವರ ವರದಿಯ ಮೇರೆಗೆ, ಸತ್ತು ಹುಟ್ಟುವ ಶಿಶುಗಳ ಪ್ರಮಾಣವು ನೂರಕ್ಕೆ 3.0ರಿಂದ 2.3ಕ್ಕೆ ಇಳಿಯಿತು. ಹಿಂದೆ ಸತ್ತುಹುಟ್ಟಿದುದೆಂದು ಬದಿಗಿರಿಸಲ್ಪಡುತ್ತಿದ್ದ ಶಿಶುಗಳಲ್ಲಿ ಕೆಲವು, ಉಸಿರು ಕೊಟ್ಟರೆ ಬದುಕತಕ್ಕವುಗಳಾಗಿದ್ದುವೆಂದು ಇದರಿಂದ ಊಹಿಸಬಹುದು. ಈ ಒಂದು ವಾಕ್ಯವನ್ನು ಮೆಲ್ಲನೆ ಓದಬೇಕು. ಆದರೆ ಹುಟ್ಟಿದ ಬಳಿಕ ಸಾಯುವ ಶಿಶುಗಳ ಪ್ರಮಾಣವು ಹೆಚ್ಚುಕಡಮೆ ಇದ್ದಂತೆಯೇ ಇತ್ತು. ಮುಂದೆ ಬೆಳಗಾವಿ, ನಾಗಪುರ, ಕೀನ್ಯ ಈ ಮೂರು ಕಡೆ ಪಾಠವನ್ನು ವಿಸ್ತರಿಸಿ 2016ರಲ್ಲಿ ಕೊಟ್ಟ ವರದಿಯಲ್ಲಿ, ಇಡೀ ಪ್ರದೇಶದ ಲೆಕ್ಕದಲ್ಲಿ ಎಲ್ಲೆಡೆಯೂ ಒಂದೇ ಸಮನಾದ ಸುಧಾರಣೆ ಕಾಣಲಿಲ್ಲ. ಪಾಠವನ್ನು ಹರಡುವುದು ಒಂದು ಕೆಲಸ, ಅದನ್ನು ಕೈಯಲ್ಲಿ ಉಳಿಸುವುದು ಮತ್ತೊಂದು ಕೆಲಸ.

ಶ್ರೀಮಠದ ಭಕ್ತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಿಂಗದೀಕ್ಷೆಯು ಒಮ್ಮೆಯೇ ಆಗುವುದು. ಗುರುವು ಇಷ್ಟಲಿಂಗವನ್ನು ಕರಸ್ಥಲಕ್ಕೆ ಕರುಣಿಸಿದ ದಿನವೇ ಪೂಜೆಯೂ ಮುಗಿಯಿತೆಂದು, ಇನ್ನೆರಡು ವರ್ಷ ಬಿಟ್ಟು ಮತ್ತೆ ಮಠಕ್ಕೆ ಹೋದರಾಯಿತೆಂದು ತಿಳಿಯುವ ಭಕ್ತನಿಲ್ಲ. ಪೂಜೆಯು ನಿತ್ಯ, ಪ್ರವಾಸದಲ್ಲಿಯೂ ಕಾಯಿಲೆಯಲ್ಲಿಯೂ ನಿತ್ಯ, ಅದೂ ಅಂಗೈಯ ಮೇಲೆಯೇ. ಹಾಗಿರಲು, ಇನ್ನೊಬ್ಬರ ಪ್ರಾಣವನ್ನು ಹಿಡಿದು ನಿಲ್ಲಿಸಬೇಕಾದ ಅಂಗೈಗೆ ಎರಡು ವರ್ಷಕ್ಕೊಂದು ದಿನದ ಪಾಠವು ಸಾಕೆಂದು ಮಠದ ಆಸ್ಪತ್ರೆಗಳೇ ತಿಳಿದರೆ ಅದು ಅಸಂಗತವಾದೀತು.

ಶರಣಧರ್ಮದ ಇನ್ನೊಂದು ತತ್ತ್ವವೂ ಇಲ್ಲಿ ನೆನಪಿಗೆ ಬರುವುದು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಶರಣರು ನಿರಾಕರಿಸಿದರು. ಆರೋಗ್ಯಸೇವಕನ ಕೈಗಳು ಈ ಐದರ ನಡುವೆಯೇ ಇರುತ್ತವೆ. ಬಾಯಿಗೆ ಬಾಯಿಟ್ಟು ಉಸಿರೂದಬೇಕಾದ ಪ್ರಸಂಗವು ಆಸ್ಪತ್ರೆಯಲ್ಲಿ ವಿರಳ. ಅಂಬು ಚೀಲವೂ ಮುಖವಾಡವೂ ಅಲ್ಲಿರುತ್ತವೆ. ಸೋಂಕಿನ ಭಯವು ನಿಜವಾದುದು. 2020ರ ಕೋವಿಡ್ ಕಾಲದಲ್ಲಿ ಅದಕ್ಕೆ ತಕ್ಕ ಎಚ್ಚರಿಕೆಗಳನ್ನು ನಿಯಮಾವಳಿಗಳೇ ಸೇರಿಸಿಕೊಂಡುವು. ಕೈಚೀಲ ಧರಿಸುವುದು ಸೂತಕವಲ್ಲ, ವಿವೇಕ. ಆದರೆ ಅನುಮಾನಕ್ಕೆ ಸೋಂಕಿನ ಹೆಸರನ್ನು ಕೊಟ್ಟು ಹಿಂದೆ ಸರಿಯುವವರೂ ಉಂಟು. ಅದರಲ್ಲಿಯೂ ರೋಗಿಯು ಹೆಂಗಸಾದರೆ ಎದೆಯ ಮೇಲಿನ ಬಟ್ಟೆಯನ್ನು ಸರಿಸುವುದಕ್ಕೂ ಯಂತ್ರದ ಪಟ್ಟಿಗಳನ್ನು ಅಂಟಿಸುವುದಕ್ಕೂ ಗಂಡುಸೇವಕರು ಸಂಕೋಚಪಡುವರು. ಅಭ್ಯಾಸದ ಗೊಂಬೆಗಳು ಬಹುತೇಕ ಗಂಡಿನ ಎದೆಯವಾಗಿರುವುದೂ ಇದಕ್ಕೊಂದು ಕಾರಣವಾಗಿರಬಹುದು. ಗೊಂಬೆಗೆ ಒಂದು ರವಿಕೆಯನ್ನು ತೊಡಿಸಿ ಅಭ್ಯಾಸ ಮಾಡಿಸುವುದರಿಂದ ಈ ಸಂಕೋಚವನ್ನು ಕಳೆಯಲು ಹೆಚ್ಚು ಖರ್ಚೇನೂ ತಗುಲದು.

ಹೃದಯ ನಿಂತ ಮಂಚದ ಸುತ್ತ ಆರೇಳು ಮಂದಿ ಸೇರುತ್ತಾರೆ. ಅಲ್ಲಿ ಎಲ್ಲರೂ ಕೂಗಿದರೆ ಯಾರ ಮಾತೂ ಕೇಳಿಸದು. ಆದುದರಿಂದ ಒಬ್ಬನು ಮುಂದಾಳಾಗಿ ಹೇಳಬೇಕು, ಕೇಳಿದವನು ಅದನ್ನೇ ಮರಳಿ ನುಡಿದು, ಮಾಡಿ ಮುಗಿಸಿದೊಡನೆ ಮುಗಿಯಿತೆಂದು ತಿಳಿಸಬೇಕು. ಅಡ್ರಿನಲಿನ್ ಔಷಧವನ್ನು 3ರಿಂದ 5 ನಿಮಿಷಕ್ಕೊಮ್ಮೆ ಕೊಡಬೇಕಾದುದರಿಂದ ಗಡಿಯಾರ ನೋಡಿ ಬರೆದುಕೊಳ್ಳುವವನೊಬ್ಬ ಬೇಕು. ಇವೆಲ್ಲ ಪಾಠದಲ್ಲಿ ಇವೆ. ಪಾಠದಲ್ಲಿ ಬರೆಯದೆ ಇರುವುದೊಂದುಂಟು: ಹಿರಿಯ ವೈದ್ಯರ ಒತ್ತು ಆಳವಾಗುತ್ತಿಲ್ಲವೆಂದು ಕಿರಿಯ ದಾದಿಗೆ ಕಂಡರೆ ಅವಳು ಬಾಯಿ ಬಿಡುವಳೆ? ಹೆಚ್ಚಿನ ಆಸ್ಪತ್ರೆಗಳಲ್ಲಿ ಬಿಡಲಾರಳು. ಕಲ್ಯಾಣದ ಅನುಭವಮಂಟಪದಲ್ಲಿ ಸಮಗಾರನ ಮಾತಿಗೂ ಮಂತ್ರಿಯ ಮಾತಿಗೂ ಒಂದೇ ತೂಕವಿತ್ತೆಂದು ಹೆಮ್ಮೆಪಡುವ ಸಂಸ್ಥೆಗಳು ಈ ಧೈರ್ಯವನ್ನು ಅಭ್ಯಾಸದ ಹೊತ್ತಿನಲ್ಲಿಯೇ ಬೆಳೆಸಬೇಕು. ವೈದ್ಯರೂ ದಾದಿಯರೂ ವಾರ್ಡಿನ ಆಳುಗಳೂ ಬೇರೆ ಬೇರೆ ದಿನ ಕಲಿತರೆ ಅದು ಬೆಳೆಯದು. ಒಂದೇ ಗೊಂಬೆಯ ಸುತ್ತ ಕೂಡಿ ನಿಲ್ಲಬೇಕು.

ಯಾರಿಗೆ ಈ ಪ್ರಯತ್ನವನ್ನು ಮಾಡಬಾರದೆಂಬ ವಿವೇಕವೂ ಶಿಕ್ಷಣದ ಭಾಗವೇ. ವಾಸಿಯಾಗದ ರೋಗದಿಂದ ಕೊನೆಯ ದಿನಗಳನ್ನು ಕಳೆಯುತ್ತಿರುವ ಮುದುಕರ ಎಲುಬುಗಳನ್ನು ಮುರಿಯುವುದರಿಂದ ಯಾರಿಗೂ ಹಿತವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು 2020ರಲ್ಲಿ ಈ ವಿಷಯವಾಗಿ ಮಾರ್ಗದರ್ಶಕ ಸೂತ್ರಗಳನ್ನು ಕೊಟ್ಟಿದೆ. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಮನುಷ್ಯನು ತನ್ನ ಕೊನೆಗಾಲದ ಉಪಚಾರವನ್ನು ಕುರಿತು ಮುಂಗಡವಾಗಿ ಇಚ್ಛಾಪತ್ರ ಬರೆದಿಡಬಹುದೆಂದು ತೀರ್ಪಿತ್ತು, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ರೋಗಿಯೊಡನೆಯೂ ಮನೆಯವರೊಡನೆಯೂ ಈ ಮಾತನ್ನು ಶಾಂತವಾಗಿ ಮೊದಲೇ ಆಡಿ ಬರೆದಿಡಬೇಕು. ಹೃದಯ ನಿಂತ ಗಳಿಗೆಯು ಅದಕ್ಕೆ ತಕ್ಕ ಸಮಯವಲ್ಲ.

ಇನ್ನು ಮಾಡತಕ್ಕ ಕೆಲಸ. ಸಂಸ್ಥೆಗಳಲ್ಲಿ ಗೊಂಬೆಗಳು ಇಲ್ಲವೆಂದಲ್ಲ. ಅನೇಕ ಕಡೆ ಅವು ಕಾಲೇಜಿನ ಕೋಣೆಯೊಂದರಲ್ಲಿ ಪೆಟ್ಟಿಗೆಯೊಳಗೆ ಬೀಗ ಹಾಕಿಕೊಂಡು ಮಲಗಿರುತ್ತವೆ. ತಪಾಸಣೆಯವರು ಬಂದಾಗ ಎದ್ದುಬರುತ್ತವೆ. ಅವುಗಳಲ್ಲಿ ಒಂದನ್ನು ವಾರ್ಡಿಗೆ ತರಬೇಕು. ಹೆರಿಗೆಮನೆಗೆ ಶಿಶುಗೊಂಬೆಯು ಸಾಕು; ಅದರೊಳಗೆ ನೀರು ತುಂಬಿದರೆ ನವಜಾತ ಶಿಶುವಿನ ತೂಕವೂ ಮೆತ್ತನೆಯ ಗುಣವೂ ಬರುವಂತೆ ಮಾಡಿರುವ ಅಗ್ಗದ ಬಗೆಯು ಸಿಕ್ಕುತ್ತದೆ. ಒತ್ತಿನ ಆಳ ಸರಿಯಾದಾಗ ಟಕ್ಕೆಂದು ಸದ್ದು ಮಾಡುವ ಗೊಂಬೆಯು ಬೆಳೆದವರ ವಾರ್ಡಿಗೆ ಒಳ್ಳೆಯದು. ಏಕೆಂದರೆ ತನ್ನ ಒತ್ತು ಸಾಕಷ್ಟು ಆಳವಾಗಿದೆಯೆಂದು ತಪ್ಪು ತಿಳಿಯದವನು ಅಪರೂಪ. ಕೆಲಸಕ್ಕೆ ಬಂದವರು ಪಾಳಿಯ ಮೊದಲಲ್ಲಿ ಎರಡು ನಿಮಿಷ ಒತ್ತಿ, ಚೀಲದಿಂದ ಗಾಳಿ ಕೊಟ್ಟು, ಬಳಿಕ ರೋಗಿಗಳ ಬಳಿಗೆ ಹೋಗಲಿ. ವಾರಕ್ಕೊಮ್ಮೆಯಾದರೂ ಪ್ರತಿಯೊಬ್ಬರ ಸರದಿ ಬರುವಂತಿರಲಿ. ನಡೆಸುವುದಕ್ಕೆ ಹೊರಗಿನ ತಜ್ಞರನ್ನು ಕರೆಸಬೇಕಾಗಿಲ್ಲ; ಆಸಕ್ತಿಯುಳ್ಳ ಒಬ್ಬ ಹಿರಿಯ ದಾದಿಯನ್ನು ಗೊತ್ತುಮಾಡಿ, ಅವಳ ದಿನದ ಕೆಲಸದಲ್ಲಿ ಅಷ್ಟು ಕಾಲವನ್ನು ಬಿಡುವು ಮಾಡಿಕೊಟ್ಟರೆ ಸಾಕು. ಬಿಡುವನ್ನು ಕೊಡದೆ ಜವಾಬ್ದಾರಿಯನ್ನು ಮಾತ್ರ ಕೊಡುವುದು ಆಡಳಿತದವರ ಹಳೆಯ ಚಾಳಿ. ಅದನ್ನು ಇಲ್ಲಿ ಬಿಡಬೇಕು.

ಪ್ರಮಾಣಪತ್ರದ ತರಬೇತಿಯನ್ನು ಇದರಿಂದ ಕೈಬಿಡುವಂತಿಲ್ಲ. ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವೆ: 15ಕ್ಕೆ ಎರಡು ಉಸಿರೆಂದಿದ್ದುದು 2005ರಲ್ಲಿ 30ಕ್ಕೆ ಎರಡಾಯಿತು, ಉಸಿರಿನ ದಾರಿಯನ್ನು ಮೊದಲು ನೋಡಬೇಕೆಂದಿದ್ದುದು 2010ರಲ್ಲಿ ಎದೆಯೊತ್ತುವುದೇ ಮೊದಲೆಂದಾಯಿತು. ಹಳೆಯ ಪಾಠವನ್ನೇ ನಿತ್ಯವೂ ಅಭ್ಯಾಸ ಮಾಡುತ್ತ ಕುಳಿತರೆ ತಪ್ಪೇ ಗಟ್ಟಿಯಾದೀತು. ಆದುದರಿಂದ ದೊಡ್ಡ ತರಬೇತಿಯಿಂದ ಮರಳಿದವನು ಹೊಸದೇನೆಂಬುದನ್ನು ಆ ವಾರವೇ ವಾರ್ಡಿನ ಗೊಂಬೆಯ ಬಳಿ ಎಲ್ಲರಿಗೂ ಮಾಡಿ ತೋರಿಸತಕ್ಕದ್ದು.

ಗೊಂಬೆಯ ಪಕ್ಕದಲ್ಲಿ ಒಂದು ವಹಿಯನ್ನು ದಾರ ಕಟ್ಟಿ ತೂಗುಹಾಕಬೇಕು. ತಾರೀಖು, ಹೆಸರು, ಆಳ ಸರಿಯಿತ್ತೆ, ಎದೆ ಮೇಲೆದ್ದಿತೆ, ಇಷ್ಟೇ ಬರೆದರೆ ಸಾಕು. ತಿಂಗಳಿಗೊಮ್ಮೆ ಆಡಳಿತ ಮಂಡಲಿಯವರು ಔಷಧದ ಲೆಕ್ಕವನ್ನು ನೋಡುವಾಗ ಈ ವಹಿಯನ್ನೂ ತರಿಸಿ ನೋಡಬೇಕು. ನೋಡುವಾಗ ರಾತ್ರಿಯ ಪಾಳಿಯವರ ಹೆಸರುಗಳು ಇವೆಯೆ ಎಂಬುದನ್ನು ಮೊದಲು ಹುಡುಕಬೇಕು. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಇರುವವಳು ಎಲ್ಲರಿಗಿಂತ ಕಿರಿಯಳು. ತರಬೇತಿಗಳೆಲ್ಲ ಹಗಲಿನಲ್ಲಿ ನಡೆಯುವುದರಿಂದ ಅವಳ ಪಾಲಿಗೆ ಅವು ಎಲ್ಲರಿಗಿಂತ ಕಡಮೆ ಒದಗಿರುತ್ತವೆ.